ಎರಡನೇ ಪ್ರಾಶಸ್ತ್ಯ ಬರೆದರೆ ಮೊದಲನೆಯವರಿಗೆ ನಷ್ಟವೇ?

ಪ್ರಶ್ನೆ: ನಾನು ಹರಿಹರದವಳು, ಬಿ.ಕಾಂ. ಓದಿದ್ದೇನೆ. ಕೊನೆಯ ಸೆಮಿಸ್ಟರ್ ಫಲಿತಾಂಶ 2022ರ ಸೆಪ್ಟೆಂಬರ್‌ನಲ್ಲಿ ಬಂತು. ಘಟಿಕೋತ್ಸವದ ಪ್ರಮಾಣಪತ್ರ ಕೈಗೆ ಸಿಕ್ಕಿದ್ದು 2023ರಲ್ಲಿ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ಬರುತ್ತಿದೆ ಎಂದು ಆಕಾಂಕ್ಷಿಯೊಬ್ಬರ ಕಡೆಯವರು ಮನೆಗೆ ಬಂದು ಆಧಾರ್ ಮತ್ತು ಅಂಕಪಟ್ಟಿಯ ಜೆರಾಕ್ಸ್ ತೆಗೆದುಕೊಂಡು ಹೋದರು. 'ಎಲ್ಲಾ ನಾವೇ ಮಾಡಿಸ್ತೀವಿ ಮೇಡಂ, ನೀವು ಬಂದು ನಮ್ಮವರ ಹೆಸರಿನ ಮುಂದೆ ಒಂದು ಅಂತ ಬರೆದರೆ ಸಾಕು. ಎರಡು, ಮೂರು ಅಂತ ಬೇರೆಯವರಿಗೆ ಕೊಟ್ಟರೆ ನಮ್ಮವರಿಗೆ ಪೆಟ್ಟು ಬೀಳುತ್ತೆ' ಎಂದರು. ಇದು ನಿಜವೇ? ನನಗೆ ಮತದ ಹಕ್ಕು ಬರುತ್ತದೆಯೇ? ನಮ್ಮ ಯಜಮಾನರು 2020ರಲ್ಲಿ ಮತ ಹಾಕಿದ್ದರು, ಅವರ ಹೆಸರು ಹಾಗೇ ಇರುತ್ತದಲ್ಲವೇ? ಅಣ್ಣ ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾನೆ, ಅತ್ತಿಗೆ ಅಲ್ಲೇ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಾರೆ. ಅವರಿಬ್ಬರೂ ಊರಿನ ಮನೆಯ ವಿಳಾಸ ಕೊಟ್ಟು ಇಲ್ಲಿ ಸೇರಬಹುದೇ?

ಉತ್ತರ: ಮನೆಗೆ ಬಂದವರು ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಪ್ರತಿ ಬಾರಿಯೂ ಈ ಚುನಾವಣೆಯಲ್ಲಿ ಹೆಚ್ಚು ಹರಡುವ ಸುಳ್ಳು ಅದೇ. ನೀವು ಎರಡನೇ ಪ್ರಾಶಸ್ತ್ಯ ಕೊಟ್ಟರೆ, ಅಂದರೆ ಇನ್ನೊಬ್ಬರ ಹೆಸರಿನ ಮುಂದೆ 2 ಎಂದು ಬರೆದರೆ, ಮೊದಲನೇ ಪ್ರಾಶಸ್ತ್ಯ ಪಡೆದವರಿಗೆ ಎಳ್ಳಷ್ಟೂ ನಷ್ಟವಿಲ್ಲ. ಅವರು ಕಣದಲ್ಲಿ ಇರುವ ತನಕ ನಿಮ್ಮ ಮತಪತ್ರದ ಎರಡನೇ ಅಂಕಿಯನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಅದು ಹೇಗೆಂದು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಮತ ಹಾಕುವುದಕ್ಕೂ ಮೊದಲು ಪಟ್ಟಿಯಲ್ಲಿ ಹೆಸರಿರಬೇಕಲ್ಲ, ಆ ವಿಷಯ ಮೊದಲು ಮುಗಿಸೋಣ.

ನಮ್ಮ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಗ್ರಾಮ ಪಂಚಾಯಿತಿಯಿಂದ ಹಿಡಿದು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. 11 ಮಂದಿ ನಾಮನಿರ್ದೇಶನದಿಂದ ಬರುತ್ತಾರೆ. ಉಳಿದ 14ರಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ. ಜನ ನೇರವಾಗಿ ಮತ ಹಾಕಿ ಪರಿಷತ್ತಿಗೆ ಕಳಿಸುವುದು ಈ 14 ಮಂದಿಯನ್ನು ಮಾತ್ರ. ಸದಸ್ಯರ ಅವಧಿ 6 ವರ್ಷ. ಆಗ್ನೇಯ ಪದವೀಧರ, ಪಶ್ಚಿಮ ಪದವೀಧರ, ಈಶಾನ್ಯ ಶಿಕ್ಷಕರ ಮತ್ತು ಬೆಂಗಳೂರು ಶಿಕ್ಷಕರ ಕ್ಷೇತ್ರಗಳಿಗೆ ಕಳೆದ ಸಲ ಮತದಾನ ನಡೆದದ್ದು 2020ರ ಅಕ್ಟೋಬರ್ 28ರಂದು. ಆ ವರ್ಷ ಜೂನ್‌ನಲ್ಲೇ ಸ್ಥಾನಗಳು ತೆರವಾಗಿದ್ದರೂ ಕೋವಿಡ್ ಕಾರಣದಿಂದ ಚುನಾವಣೆ ಮುಂದಕ್ಕೆ ಹೋಯಿತು. ಹಾಗಾಗಿ ಉಳಿದ ಪದವೀಧರ, ಶಿಕ್ಷಕರ ಕ್ಷೇತ್ರಗಳ ಅವಧಿ ಜೂನ್ ತಿಂಗಳಲ್ಲಿ ಮುಗಿದರೆ ಈ ನಾಲ್ಕರ ಅವಧಿ ಮುಗಿಯುವುದು 2026ರ ನವೆಂಬರ್‌ನಲ್ಲಿ.

ದಾವಣಗೆರೆ ಜಿಲ್ಲೆಯವರಿಗೆ ಒಂದು ಎಚ್ಚರಿಕೆ. ಜಿಲ್ಲೆ ಪೂರ್ತಿ ಒಂದೇ ಕ್ಷೇತ್ರದಲ್ಲಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ, ಉಡುಪಿ, ಮಂಗಳೂರುಗಳಿರುವ ನೈಋತ್ಯ ಕ್ಷೇತ್ರಕ್ಕೆ ಸೇರುತ್ತವೆ. ಅಲ್ಲಿ 2024ರಲ್ಲೇ ಮತದಾನ ಮುಗಿದಿದೆ. ಹರಿಹರ ಇರುವುದು ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರಗಳ ಜೊತೆ ಆಗ್ನೇಯದಲ್ಲಿ. ಆದ್ದರಿಂದ ಈ ಚುನಾವಣೆ ನಿಮ್ಮದೇ.

ಈಗ ಹೆಸರು ಸೇರಿಸುವ ವಿಷಯ. ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ನೀವಿದ್ದೀರಿ, ಗುರುತಿನ ಚೀಟಿಯೂ ಇದೆ ಎಂದ ಮಾತ್ರಕ್ಕೆ ಇಲ್ಲಿ ಮತ ಬರುವುದಿಲ್ಲ. ಈ ಪಟ್ಟಿಯೇ ಬೇರೆ. ಅಷ್ಟೇ ಅಲ್ಲ, ಒಮ್ಮೆ ಸೇರಿದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸಬೇಕೆಂದು ಚುನಾವಣಾ ಆಯೋಗದ ಆದೇಶವಿದೆ. ನಿಮ್ಮ ಯಜಮಾನರು 2020ರಲ್ಲಿ ಮತ ಹಾಕಿದ ಪಟ್ಟಿಗೆ ಈಗ ಬೆಲೆಯಿಲ್ಲ. ಅವರು ಮತ್ತೆ ಪದವೀಧರರ ಅರ್ಜಿಯಾದ ನಮೂನೆ 18 ತುಂಬಿ ಕೊಡಬೇಕು. ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಬಾಗಿಲಲ್ಲಿ 'ಹೋದ ಸಲ ಇದೇ ಬೂತಿನಲ್ಲಿ ಹಾಕಿದ್ದೆನಲ್ಲ ಸಾರ್' ಎಂದು ನಿಂತು ವಾದ ಮಾಡಿ ವಾಪಸ್ ಹೋಗುವವರನ್ನು ನೋಡಿದ್ದೇನೆ. ಅವರ ಸಿಟ್ಟು ನ್ಯಾಯವಾದದ್ದೇ. ಪದವಿಗೆ ಅವಧಿ ಮೀರುವುದಿಲ್ಲ, ಮತದಾರ ಮಾತ್ರ ಆರು ವರ್ಷಕ್ಕೊಮ್ಮೆ ಮತ್ತೆ ಅರ್ಜಿ ಹಾಕಬೇಕು ಎನ್ನುವ ವ್ಯವಸ್ಥೆ ನನಗೂ ಸರಿ ಕಾಣುವುದಿಲ್ಲ. ಹೀಗಿರುವುದರಿಂದಲೇ ಮತದಾರರನ್ನು ಹುಡುಕಿ ಪಟ್ಟಿಗೆ ಸೇರಿಸುವ ಕೆಲಸ ಆಕಾಂಕ್ಷಿಗಳ ಕೈಗೆ ಹೋಗಿದೆ.

ನಿಮ್ಮ ದಿನಾಂಕಗಳನ್ನು ನೋಡೋಣ. ಕಾನೂನು ಕೇಳುವುದು ಅರ್ಹತಾ ದಿನಕ್ಕೆ ಮೊದಲು ಕನಿಷ್ಠ ಮೂರು ವರ್ಷದಿಂದ ಪದವೀಧರರಾಗಿರಬೇಕು ಎಂದು. ಪಟ್ಟಿ ತಯಾರಿಸಲು ಶುರು ಮಾಡಿದ ವರ್ಷದ ನವೆಂಬರ್ 1 ಅರ್ಹತಾ ದಿನ. ಈ ಚುನಾವಣೆಯ ಪಟ್ಟಿಗೆ ಅದು 2025ರ ನವೆಂಬರ್ 1. ಅಂದರೆ 2022ರ ನವೆಂಬರ್ 1ರೊಳಗೆ ನೀವು ಪದವೀಧರೆ ಆಗಿರಬೇಕು. ಘಟಿಕೋತ್ಸವದ ಪ್ರಮಾಣಪತ್ರದ ಮೇಲೆ 2023 ಎಂದು ಇರುವುದರಿಂದ ನೀವು ಹಿಂಜರಿದಿದ್ದೀರಿ. ಹಿಂಜರಿಯಬೇಕಿಲ್ಲ. ಮೂರು ವರ್ಷವನ್ನು ಎಣಿಸುವುದು ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದಲೇ ಹೊರತು ಘಟಿಕೋತ್ಸವದ ದಿನದಿಂದಲ್ಲ. ನಿಮ್ಮ ಫಲಿತಾಂಶ 2022ರ ಸೆಪ್ಟೆಂಬರ್‌ನದು; ನೀವು ಅರ್ಹರು. ಅರ್ಜಿಯ ಜೊತೆ ಪದವಿ ಪ್ರಮಾಣಪತ್ರ ಒಂದನ್ನೇ ಇಟ್ಟರೆ ಅದರ ಮೇಲಿನ ದಿನಾಂಕ ನೋಡಿ ಅರ್ಜಿ ತಿರಸ್ಕರಿಸುವ ಸಾಧ್ಯತೆ ಇದೆ. ಕೊನೆಯ ಸೆಮಿಸ್ಟರ್ ಅಂಕಪಟ್ಟಿಯನ್ನೂ ಲಗತ್ತಿಸಿ, ಫಲಿತಾಂಶದ ದಿನಾಂಕ ಅದರಲ್ಲಿ ಕಾಣದಿದ್ದರೆ ಕಾಲೇಜಿನಿಂದ ಅಥವಾ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬರೆಸಿಕೊಳ್ಳಿ. ಎಲ್ಲಿ ಓದಿದಿರಿ ಎನ್ನುವುದು ಲೆಕ್ಕಕ್ಕಿಲ್ಲ, ಭಾರತದ ಯಾವ ವಿಶ್ವವಿದ್ಯಾಲಯವಾದರೂ ಆದೀತು. ನಕಲು ಪ್ರತಿಗೆ ಗೆಜೆಟೆಡ್ ಅಧಿಕಾರಿಯ ಅಥವಾ ನೋಟರಿಯ ದೃಢೀಕರಣ ಬೇಕು, ಪರಿಶೀಲನೆಗೆ ಮೂಲ ಪ್ರತಿ ಜೊತೆಗಿರಲಿ. ಮದುವೆಯ ನಂತರ ಹೆಸರು ಅಥವಾ ಇನಿಷಿಯಲ್ ಬದಲಾಗಿದ್ದರೆ ಅದಕ್ಕೊಂದು ದಾಖಲೆಯನ್ನೂ ಇಟ್ಟುಕೊಳ್ಳಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಇರುವ ಹೆಣ್ಣುಮಕ್ಕಳ ಅರ್ಜಿಗಳು ಇದೊಂದೇ ಕಾರಣಕ್ಕೆ ಮೂಲೆಗೆ ಬೀಳುತ್ತವೆ.

ಅಂತಿಮ ಪಟ್ಟಿ ಪ್ರಕಟವಾದ ಮೇಲೂ ಬಾಗಿಲು ಮುಚ್ಚುವುದಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದವರೆಗೂ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಬಂದ ಅರ್ಜಿಯನ್ನು ಆಕ್ಷೇಪಣೆಗಾಗಿ ಒಂದು ವಾರ ಪ್ರಕಟಿಸಿಡಬೇಕಾದ ಕಾರಣ, ನಾಮಪತ್ರದ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆಯಾದರೂ ನಿಮ್ಮ ಅರ್ಜಿ ಕಚೇರಿಯಲ್ಲಿರಬೇಕು. ಅಧಿಸೂಚನೆ ಬಂದ ಮೇಲೆ ನೋಡೋಣ ಎಂದು ಕೂತರೆ ತಡವಾಗುತ್ತದೆ. ಈ ಕ್ಷೇತ್ರಕ್ಕೆ ಮತದಾರರ ನೋಂದಣಿ ಅಧಿಕಾರಿ ಬೆಂಗಳೂರಿನ ಪ್ರಾದೇಶಿಕ ಆಯುಕ್ತರು. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ಹರಿಹರದ ತಾಲ್ಲೂಕು ಕಚೇರಿಯಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಸ್ವೀಕೃತಿ ಎಂದೆನಲ್ಲ, ಅದನ್ನು ಬೇಕೆಂದೇ ಹೇಳಿದೆ. ಜೆರಾಕ್ಸ್ ಒಯ್ದವರು ನಿಮಗೇನಾದರೂ ರಶೀದಿ ಕೊಟ್ಟರೇ? ಕೊಟ್ಟಿರಲಾರರು. ಯಾರೋ ಒಬ್ಬರು ಕಟ್ಟುಗಟ್ಟಲೆ ಅರ್ಜಿ ತಂದು ಸುರಿದರೆ, ಅಂಚೆಯಲ್ಲಿ ಕಳಿಸಿದರೂ ಸರಿ, ಅವನ್ನು ಪರಿಗಣಿಸಬಾರದೆಂದು ಆಯೋಗದ ಸ್ಪಷ್ಟ ಸೂಚನೆ ಇದೆ. ವಿನಾಯಿತಿ ಇರುವುದು ಎರಡಕ್ಕೆ. ಒಂದೇ ಮನೆಯವರ ಅರ್ಜಿಗಳನ್ನು ಆ ಮನೆಯ ಒಬ್ಬರು ತಂದು ಕೊಡಬಹುದು. ಒಂದು ಸಂಸ್ಥೆಯ ಅರ್ಹ ಸಿಬ್ಬಂದಿಯ ಅರ್ಜಿಗಳನ್ನು ಅದರ ಮುಖ್ಯಸ್ಥರು ಒಟ್ಟಿಗೆ ಕಳಿಸಬಹುದು. ಆಕಾಂಕ್ಷಿಯ ಕಡೆಯವರು ಈ ಎರಡರಲ್ಲೂ ಬರುವುದಿಲ್ಲ. ಅವರಿಗೆ ಕೊಟ್ಟ ಕಾಗದ ತಾಲ್ಲೂಕು ಕಚೇರಿ ಮುಟ್ಟಿತೋ ಇಲ್ಲವೋ ನಿಮಗೆ ತಿಳಿಯುವುದೇ ಇಲ್ಲ. ಯಜಮಾನರ ಅರ್ಜಿಯನ್ನೂ ನಿಮ್ಮದನ್ನೂ ಒಟ್ಟಿಗೆ ನೀವೇ ಕೊಟ್ಟು ಬನ್ನಿ. ಅವರೂ ಕೊಟ್ಟು ಎರಡು ಸಲ ಆದರೆ ಎಂದು ಹೆದರಬೇಡಿ. ಕಚೇರಿಯಲ್ಲಿ ವಿಚಾರಿಸಿ, ಈಗಾಗಲೇ ಹೆಸರು ಬಂದಿದ್ದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದುಕೊಂಡು ಬಂದರಾಯಿತು.

ಈ ವಿಷಯ ಒತ್ತಿ ಹೇಳಲು ಕಾರಣವಿದೆ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ. ಪರಿಷತ್ತಿನ ಚುನಾವಣೆಗೆ ಅಂಥ ಮಿತಿಯೇ ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ ಖರ್ಚಿನ ಕಲಮು ಲೋಕಸಭೆ ಮತ್ತು ವಿಧಾನಸಭೆಗಳನ್ನು ಮಾತ್ರ ಹೇಳುತ್ತದೆ. ದುಡ್ಡಿದ್ದವರು ವರ್ಷಕ್ಕೆ ಮೊದಲೇ ಹುಡುಗರನ್ನು ಇಟ್ಟು ಅರ್ಜಿ ತುಂಬಿಸುತ್ತಾರೆ. ತಮಗೆ ಮತ ಹಾಕುವರೆಂಬ ಭರವಸೆ ಇದ್ದವರ ಮನೆಗೆ ಹೋಗುತ್ತಾರೆ, ಉಳಿದವರ ಮನೆ ದಾಟಿ ಮುಂದೆ ನಡೆಯುತ್ತಾರೆ. ಹೀಗಾದಾಗ ಅಭ್ಯರ್ಥಿಯನ್ನು ಮತದಾರರು ಆರಿಸುವ ಮೊದಲೇ ಮತದಾರರನ್ನು ಅಭ್ಯರ್ಥಿ ಆರಿಸಿಬಿಟ್ಟಿರುತ್ತಾನೆ. ಇದಕ್ಕೆ ನಮ್ಮ ಕೈಯಲ್ಲಿರುವ ಮದ್ದು ಒಂದೇ, ನಮ್ಮ ಅರ್ಜಿ ನಾವೇ ಕೊಡುವುದು.

ಅಣ್ಣನ ವಿಷಯಕ್ಕೆ ಬರುತ್ತೇನೆ. ಸೇರುವಂತಿಲ್ಲ. ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿರುವವರಿಗೆ ಮಾತ್ರ ಹಕ್ಕು. ಊರಿನಲ್ಲಿ ಮನೆ ಇದೆ, ಖಾತೆ ತನ್ನ ಹೆಸರಿನಲ್ಲಿದೆ ಎನ್ನುವುದಷ್ಟೇ ವಾಸವೆನಿಸುವುದಿಲ್ಲ ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಓದಿಗೋ ಚಿಕಿತ್ಸೆಗೋ ಕೆಲ ಕಾಲ ಹೊರಗಿದ್ದರೆ ಅದು ಬೇರೆ ಮಾತು. ಸಂಸಾರ ಸಮೇತ ಬೆಂಗಳೂರಿನಲ್ಲಿ ನೆಲೆಸಿ, ಹಬ್ಬಕ್ಕೆ ಹರಿಹರಕ್ಕೆ ಬರುವವರು ಬೆಂಗಳೂರು ಪದವೀಧರ ಕ್ಷೇತ್ರದವರು. ಅಲ್ಲಿ 2024ರ ಜೂನ್‌ನಲ್ಲಿ ಚುನಾವಣೆ ಆಗಿದೆ, ಮುಂದಿನದು 2030ಕ್ಕೆ. ಒಂದು ಮತಕ್ಕಾಗಿ ಸುಳ್ಳು ಘೋಷಣೆಗೆ ಸಹಿ ಹಾಕುವುದು ಬೇಡ. ಅದಕ್ಕೆ ಒಂದು ವರ್ಷದವರೆಗೆ ಸಜೆ ಇದೆ.

ಅತ್ತಿಗೆಯ ಕಥೆ ಬೇರೆ. ಅವರು ಪಾಠ ಮಾಡುವುದು ಬೆಂಗಳೂರಿನ ಪ್ರೌಢಶಾಲೆಯಲ್ಲಿ, ಬೆಂಗಳೂರು ಶಿಕ್ಷಕರ ಕ್ಷೇತ್ರಕ್ಕೆ ಈಗಲೇ ಚುನಾವಣೆ. 2020ರಲ್ಲಿ ಅಲ್ಲಿ ಗೆದ್ದಿದ್ದ ಪುಟ್ಟಣ್ಣ ಅವರು ರಾಜೀನಾಮೆ ಕೊಟ್ಟಿದ್ದರಿಂದ 2024ರ ಫೆಬ್ರುವರಿಯಲ್ಲಿ ಉಪಚುನಾವಣೆ ನಡೆದು, ಪಕ್ಷ ಬದಲಿಸಿದ್ದ ಅವರೇ ಮತ್ತೆ ಗೆದ್ದರು. ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಆದ್ದರಿಂದ ಆಗ ಮತ ಹಾಕಿದ್ದ ಶಿಕ್ಷಕರೂ ಈಗ ಮತ್ತೆ ಶಿಕ್ಷಕರ ಅರ್ಜಿಯಾದ ನಮೂನೆ 19 ತುಂಬಬೇಕು. ಅರ್ಹತಾ ದಿನದ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು, ಮುಖ್ಯಸ್ಥರಿಂದ ಸೇವಾ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆಯ ಸೇವೆ ಇದಕ್ಕೆ ಲೆಕ್ಕವಿಲ್ಲ. ಅಕ್ಷರ ಕಲಿಸಿದವರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ ಎನ್ನುವುದು ಸಂವಿಧಾನದ 171ನೇ ವಿಧಿಯಲ್ಲೇ ಉಳಿದುಬಂದ ಅನ್ಯಾಯ ಎಂದು ನಾನು ಭಾವಿಸುತ್ತೇನೆ. ಪದವಿ ಇರುವ ಪ್ರಾಥಮಿಕ ಶಾಲಾ ಶಿಕ್ಷಕರು ತಮ್ಮ ಪದವೀಧರ ಕ್ಷೇತ್ರದಲ್ಲಾದರೂ ಹೆಸರು ಸೇರಿಸಿಕೊಳ್ಳಬಹುದು.

ಇನ್ನು ಮತಪತ್ರ. ಇಲ್ಲಿ ಮತಯಂತ್ರವಿಲ್ಲ, ಪಕ್ಷದ ಚಿಹ್ನೆಯಿಲ್ಲ, ನೋಟಾ ಇಲ್ಲ. ಅಭ್ಯರ್ಥಿಗಳ ಹೆಸರು, ಭಾವಚಿತ್ರ, ಪಕ್ಕದಲ್ಲಿ ಒಂದು ಖಾಲಿ ಮನೆ. ಮತಪತ್ರದ ಜೊತೆಗೇ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಅದರಲ್ಲೇ ಬರೆಯಬೇಕು, ಜೇಬಿನ ಬಾಲ್ ಪೆನ್ ತೆಗೆದರೆ ಮತ ಹೋಯಿತು. ನಿಮ್ಮ ಮೊದಲ ಆಯ್ಕೆಯವರ ಮುಂದಿನ ಮನೆಯಲ್ಲಿ 1 ಎಂದು ಬರೆಯಿರಿ, ನಂತರದವರಿಗೆ 2, 3 ಎಂದು ನಿಮಗೆ ಬೇಕಾದಷ್ಟು. ಕನ್ನಡದ ೧, ೨, ೩ ಬರೆದರೂ ಮತ ಸಿಂಧು, ರೋಮನ್ ಅಂಕಿಯೂ ನಡೆಯುತ್ತದೆ. 'ಒಂದು' ಎಂದು ಅಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ. ರೈಟ್ ಗುರುತು ಹಾಕಿದರೆ ನಡೆಯುವುದಿಲ್ಲ. ಇಬ್ಬರಿಗೆ 1 ಬರೆದರೆ, ಅಥವಾ ಒಬ್ಬರ ಮುಂದೆಯೇ 1, 2 ಎರಡನ್ನೂ ಬರೆದರೆ ನಡೆಯುವುದಿಲ್ಲ. ಎರಡು ಮನೆಗಳ ನಡುವಿನ ಗೆರೆಯ ಮೇಲೆ ಬರೆದು ಯಾರಿಗೆಂದು ತಿಳಿಯದಂತಾದರೂ ನಡೆಯುವುದಿಲ್ಲ. ಎರಡನೆಯ ಅಥವಾ ಮೂರನೆಯ ಅಂಕಿಯಲ್ಲಿ ತಪ್ಪಾದರೆ ಪೂರ್ತಿ ಮತ ಹಾಳಾಗದು, 1 ಸರಿಯಿದ್ದರೆ ಅದು ಉಳಿಯುತ್ತದೆ.

ಎಣಿಕೆ ಸಿಬ್ಬಂದಿಗೆ ತರಬೇತಿ ಕೊಡುತ್ತಿದ್ದ ವರ್ಷಗಳಲ್ಲಿ ತಿರಸ್ಕೃತ ಮತಪತ್ರಗಳ ಕಟ್ಟು ನನ್ನ ಕಣ್ಣಿಗೆ ಬಿದ್ದಾಗಲೆಲ್ಲ ಸಂಕಟವಾಗುತ್ತಿತ್ತು. ಒಂದು ಮತಪತ್ರ ಇನ್ನೂ ನೆನಪಿದೆ. ಅಂಕಿಗಳು ಮುತ್ತು ಪೋಣಿಸಿದಂತೆ, 1ರಿಂದ ಕೊನೆಯವರೆಗೂ ಒಂದೂ ತಪ್ಪಿಲ್ಲ. ಕೆಳಗೆ ಅದೇ ಸ್ಕೆಚ್ ಪೆನ್ನಿನಲ್ಲಿ ಪೂರ್ತಿ ಸಹಿ, ಸಹಿಯ ಕೆಳಗೆ ದಿನಾಂಕ. ದಿನವಿಡೀ ಕಡತಗಳಿಗೆ ಸಹಿ ಹಾಕಿ ರೂಢಿಯಾದ ಕೈ ಇರಬೇಕು. ಮತದಾರರ ಗುರುತು ಸಿಗುವಂಥ ಯಾವ ಬರಹವಿದ್ದರೂ ಮತ ಅಸಿಂಧು, ಆದ್ದರಿಂದ ಅದನ್ನು ಪಕ್ಕಕ್ಕಿಡಲೇಬೇಕಾಯಿತು. ಅಷ್ಟು ಶ್ರದ್ಧೆಯಿಂದ ಬರೆದ ಮತ ಯಾರಿಗೂ ದಕ್ಕಲಿಲ್ಲ. ಅಂಕಿ ಬಿಟ್ಟು ಬೇರೇನನ್ನೂ ಬರೆಯಬೇಡಿ. ಅಭ್ಯರ್ಥಿಗೊಂದು ಶುಭಾಶಯವೂ ಬೇಡ, ಸರ್ಕಾರಕ್ಕೊಂದು ಬೇಡಿಕೆಯೂ ಬೇಡ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಣಿಕೆ ಹೇಗೆ ನಡೆಯುತ್ತದೆ ಎಂದು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ, ಕಾಗದ ಪೆನ್ನು ಹಿಡಿದು ಜೊತೆಗೇ ಬರೆಯುತ್ತಾ ಬನ್ನಿ.

ಸಿಂಧುವಾದ ಮತ 1,000 ಎಂದುಕೊಳ್ಳಿ. ಗೆಲ್ಲಲು ಬೇಕಾದ ಕೋಟಾ ಅದರ ಅರ್ಧಕ್ಕೆ ಒಂದು ಕೂಡಿಸಿದಷ್ಟು, ಅಂದರೆ 501. ನಾಲ್ವರು ಕಣದಲ್ಲಿದ್ದಾರೆ. ಮೊದಲ ಪ್ರಾಶಸ್ತ್ಯದ ಮತಗಳನ್ನು ಎಣಿಸಿದಾಗ 'ಅ'ಗೆ 400, 'ಬ'ಗೆ 320, 'ಕ'ಗೆ 180, 'ಡ'ಗೆ 100 ಬಂದಿವೆ. ಯಾರೂ 501 ಮುಟ್ಟಿಲ್ಲ. ವಿಧಾನಸಭೆ ಚುನಾವಣೆ ಆಗಿದ್ದರೆ 'ಅ' ಅವರ ಮೆರವಣಿಗೆ ಹೊರಟಿರುತ್ತಿತ್ತು. ಇಲ್ಲಿ ಹಾಗಿಲ್ಲ. ಕೊನೆಯಲ್ಲಿರುವ 'ಡ' ಅವರನ್ನು ಕಣದಿಂದ ಕೈಬಿಟ್ಟು ಅವರ 100 ಮತಪತ್ರಗಳನ್ನು ಮತ್ತೆ ತೆರೆಯುತ್ತಾರೆ. ಆ ನೂರರಲ್ಲಿ 2 ಎಂದು 'ಅ'ಗೆ ಬರೆದವರು 30, 'ಬ'ಗೆ 40, 'ಕ'ಗೆ 20. ಉಳಿದ 10 ಮಂದಿ 1 ಬರೆದು ಪೆನ್ನು ಕೆಳಗಿಟ್ಟಿದ್ದಾರೆ. ಆ 10 ಮತ ಅಲ್ಲಿಗೇ ಮುಗಿಯುತ್ತವೆ, ಮುಂದಿನ ಸುತ್ತಿಗೆ ಬರುವುದಿಲ್ಲ. ಈಗ 'ಅ' 430, 'ಬ' 360, 'ಕ' 200.

ಮತ್ತೆ ಯಾರೂ 501 ಮುಟ್ಟಿಲ್ಲ. 'ಕ' ಹೊರಗೆ. ಅವರ 200 ಮತಪತ್ರಗಳಲ್ಲಿ ಕಣದಲ್ಲಿ ಉಳಿದವರಿಗೆ ಮುಂದಿನ ಪ್ರಾಶಸ್ತ್ಯ ಯಾವುದಿದೆ ಎಂದು ನೋಡುತ್ತಾರೆ. 'ಅ'ಗೆ 40, 'ಬ'ಗೆ 130, ಮುಂದಿನ ಅಂಕಿ ಇಲ್ಲದವು 30. ಈಗ 'ಅ' 470, 'ಬ' 490, ಒಟ್ಟು 40 ಮತ ಮಧ್ಯದಲ್ಲೇ ನಿಂತುಹೋಗಿವೆ. ಉಳಿದವರು ಇಬ್ಬರೇ, ಅವರಲ್ಲಿ ಕಡಿಮೆ ಇರುವ 'ಅ' ಹೊರಗೆ. ಕೋಟಾ ಮುಟ್ಟದಿದ್ದರೂ ಕೊನೆಗೆ ಕಣದಲ್ಲಿ ಉಳಿದ 'ಬ' ಗೆದ್ದರು.

ಈ ಲೆಕ್ಕದಲ್ಲಿ 'ಅ' ಅವರ 400 ಮತಪತ್ರಗಳನ್ನು ಗಮನಿಸಿ. ಅವುಗಳ ಮೇಲೆ 2 ಯಾರಿಗಿತ್ತು? ಯಾರೂ ನೋಡಲಿಲ್ಲ. ನೋಡುವ ಸಂದರ್ಭವೇ ಬರಲಿಲ್ಲ. ಅವರೆಲ್ಲ 2 ಎಂದು 'ಬ'ಗೇ ಬರೆದಿದ್ದರೂ 'ಅ' ಅವರ 400ರಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ. ಒಂದು ಮತಪತ್ರ ಒಂದು ಸಲಕ್ಕೆ ಒಬ್ಬರ ಕಟ್ಟಿನಲ್ಲಿ ಮಾತ್ರ ಇರುತ್ತದೆ. ಮೊದಲನೆಯವರು ಸೋತು ಹೊರಗೆ ಹೋದ ಮೇಲಷ್ಟೇ ಎರಡನೆಯವರ ಕಟ್ಟಿಗೆ ಹೋಗುತ್ತದೆ. ಹಾಗಾದರೆ ಪೆಟ್ಟು ಬಿದ್ದದ್ದು ಯಾರಿಗೆ? 1 ಮಾತ್ರ ಬರೆದು ಬಂದ ಆ 40 ಮಂದಿಗೆ. ಕೊನೆಯ ಸುತ್ತಿನ ಅಂತರ 20 ಮತ. ಆ ನಲವತ್ತು ಮಂದಿ 'ಅ' ಅವರನ್ನು ಎರಡನೆಯವರಾಗಿಯೋ ಮೂರನೆಯವರಾಗಿಯೋ ಬರೆದಿದ್ದರೆ 510 ಆಗಿ 'ಅ' ಗೆಲ್ಲುತ್ತಿದ್ದರು. ಕೊನೆಯ ತೀರ್ಮಾನದ ಹೊತ್ತಿಗೆ ಅವರು ತಮ್ಮ ಮತವನ್ನು ತಾವೇ ಹೊರಗಿಟ್ಟುಕೊಂಡಿದ್ದರು.

ಹಾಗಾದರೆ ಪ್ರಚಾರಕ್ಕೆ ಬಂದವರು 'ಎರಡು ಕೊಡಬೇಡಿ' ಎನ್ನುವುದೇಕೆ? ಅನೇಕರು ತಿಳಿಯದೆ ಹೇಳುತ್ತಾರೆ. ಒಂದಕ್ಕಿಂತ ಹೆಚ್ಚು ಸ್ಥಾನ, ಒಂದಕ್ಕಿಂತ ಹೆಚ್ಚು ಮತ ಇರುವ ಬೇರೆ ಚುನಾವಣೆಗಳ ಲೆಕ್ಕ ತಲೆಯಲ್ಲಿರುತ್ತದೆ. ಸಹಕಾರ ಸಂಘದ ಚುನಾವಣೆಯಲ್ಲಿ ಏಳು ನಿರ್ದೇಶಕರನ್ನು ಆರಿಸುವಾಗ ನೀವು ಇನ್ನೊಬ್ಬರಿಗೆ ಕೊಟ್ಟ ಮತ ನಿಮ್ಮವರಿಗೆ ಎದುರಾಗಬಹುದು, ನಿಜ. ಇಲ್ಲಿ ಇರುವುದು ಒಂದೇ ಸ್ಥಾನ, ಒಂದೇ ಮತ. ತಿಳಿದೂ ಹೇಳುವವರ ಲೆಕ್ಕ ಬೇರೆ: ತಾವು ಹೇಗೂ ಸೋತರೆ ತಮ್ಮ ಮತ ಎದುರಾಳಿಗೆ ಏಣಿಯಾಗಬಾರದು ಎಂಬ ಹಟ. ಆ ಹಟ ಅಭ್ಯರ್ಥಿಯದು. ನೀವೇಕೆ ಅದನ್ನು ಹೊರಬೇಕು? ನಿಮ್ಮ ಮೊದಲ ಆಯ್ಕೆಯವರು ಗೆಲ್ಲದಿದ್ದರೆ ಉಳಿದವರಲ್ಲಿ ಯಾರು ವಾಸಿ ಎಂದು ಹೇಳುವ ಹಕ್ಕನ್ನು ಕಾನೂನು ನಿಮಗೆ ಕೊಟ್ಟಿದೆ. ಯಾರು ಗೆಲ್ಲಲೇಬಾರದು ಎಂದು ಅನಿಸುತ್ತದೋ ಅವರ ಮನೆಯನ್ನು ಖಾಲಿ ಬಿಡಿ. ಒಪ್ಪಬಹುದಾದ ಉಳಿದವರಿಗೆಲ್ಲ ಕ್ರಮವಾಗಿ ಅಂಕಿ ಕೊಡಿ. ನನ್ನ ಸಲಹೆ ಇಷ್ಟೇ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಒತ್ತಡವೂ ಬರಬಹುದು, ಅದು ಹೆಚ್ಚು ಅಪಾಯದ್ದು. 'ನಮ್ಮವರಿಗೆ 1, ಆಮೇಲೆ ಇಂಥವರಿಗೆ 6, ಇಂಥವರಿಗೆ 3, ಇಂಥವರಿಗೆ 9' ಎಂದು ಒಂದು ವಿಚಿತ್ರ ಕ್ರಮವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಎಚ್ಚರ. ಹತ್ತು ಅಭ್ಯರ್ಥಿಗಳಲ್ಲಿ ಒಬ್ಬರಿಗೆ 1 ಖಚಿತವಾದ ಮೇಲೆ ಉಳಿದ ಒಂಬತ್ತು ಅಂಕಿಗಳನ್ನು 3,62,880 ಬಗೆಯಲ್ಲಿ ಜೋಡಿಸಬಹುದು. ಒಬ್ಬೊಬ್ಬ ಮತದಾರರಿಗೆ ಒಂದೊಂದು ಕ್ರಮ ಹಂಚಿದರೆ, ಎಣಿಕೆಯ ಮೇಜಿನ ಎದುರು ಕುಳಿತ ಏಜೆಂಟ್ ಮತಪತ್ರ ನೋಡುತ್ತಲೇ ಯಾರು ಮಾತು ಉಳಿಸಿಕೊಂಡರು, ಯಾರು ಇಲ್ಲ ಎಂದು ಗುರುತಿಸಬಲ್ಲ. ಸಹಿ ಹಾಕದೆಯೇ ನಿಮ್ಮ ಸಹಿ ಬಿದ್ದಂತೆ. ಈ ಚುನಾವಣೆಯ ಮತದಾನ ಗುಪ್ತ; ಕ್ರಮ ನಿಮ್ಮ ಮನಸ್ಸಿನದೇ ಆಗಿರಲಿ. ಸೀರೆ, ಬ್ಯಾಗು, ಕುಕ್ಕರು, ಲಕೋಟೆ ಏನೇ ಬಂದರೂ ಅದು ಲಂಚ. ಕೊಟ್ಟವರ ಜೊತೆ ತೆಗೆದುಕೊಂಡವರೂ ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳು. ಚುನಾವಣಾ ಸಹಾಯವಾಣಿ 1950ಕ್ಕೆ ಕರೆ ಮಾಡಿ ದೂರು ಕೊಡಿ.

ಎಣಿಕೆ ತಡವಾದರೆ ಅನುಮಾನ ಪಡಬೇಡಿ. ಎಲ್ಲ ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ, ಕಟ್ಟು ಮಾಡಿ, ಒಂದೊಂದನ್ನೂ ಕೈಯಲ್ಲೇ ಬಿಡಿಸಿ ನೋಡಬೇಕು. ಒಬ್ಬರು ಹೊರಗೆ ಹೋದಾಗಲೆಲ್ಲ ಅವರ ಕಟ್ಟನ್ನು ಮತ್ತೆ ಬಿಚ್ಚಬೇಕು. ಪಕ್ಕದ ತೆಲಂಗಾಣದಲ್ಲಿ 2021ರಲ್ಲಿ ಹೈದರಾಬಾದ್, ರಂಗಾರೆಡ್ಡಿ, ಮಹಬೂಬ್‌ನಗರ ಪದವೀಧರ ಕ್ಷೇತ್ರದಲ್ಲಿ 93 ಅಭ್ಯರ್ಥಿಗಳಿದ್ದರು. ಎಣಿಕೆ ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ನಡೆಯಿತು.

ನೀವು ಕೇಳಲಿಲ್ಲ, ಆದರೂ ಹೇಳಬೇಕು. ಯಾರಿಗೆ ಮತ ಕೊಡಬೇಕೆಂದು ಯೋಚಿಸುವಾಗ ಮೇಲ್ಮನೆಯ ಸದಸ್ಯರಿಂದ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದು ಗೊತ್ತಿರಲಿ. ಹಣಕಾಸು ಮಸೂದೆಯನ್ನು ಪರಿಷತ್ತು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬೇರೆ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದು, ಅಷ್ಟೇ. ಆದ್ದರಿಂದ 'ಗೆದ್ದರೆ ಎಲ್ಲರಿಗೂ ಕೆಲಸ ಕೊಡಿಸುತ್ತೇನೆ' ಎನ್ನುವವರನ್ನು ನಂಬಬೇಡಿ. ಸದನದಲ್ಲಿ ಪ್ರಶ್ನೆ ಕೇಳುವುದು, ನೇಮಕಾತಿ ಅಧಿಸೂಚನೆ ಏಕೆ ತಡವಾಯಿತು, ಅತಿಥಿ ಉಪನ್ಯಾಸಕರ ಸಂಬಳ ಏಕೆ ನಿಂತಿದೆ, ಖಾಲಿ ಹುದ್ದೆ ಎಷ್ಟು ಎಂದು ಸಚಿವರಿಂದ ಲಿಖಿತ ಉತ್ತರ ಹೊರಡಿಸುವುದು, ಆ ಉತ್ತರ ಹಿಡಿದು ಇಲಾಖೆಯ ಬೆನ್ನು ಹತ್ತುವುದು, ಇವು ಒಳ್ಳೆಯ ಸದಸ್ಯರು ಮಾಡಬಲ್ಲ ಕೆಲಸ. ಬಸವರಾಜ ಹೊರಟ್ಟಿ ಅವರು ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದ 2022ರವರೆಗೆ ಎಂಟು ಸಲ ಗೆದ್ದಿದ್ದಾರೆ, ಕೊನೆಯ ಸಲ ಪಕ್ಷವನ್ನೇ ಬದಲಿಸಿ. ಇಂಥ ಕ್ಷೇತ್ರಗಳಲ್ಲಿ ಪಕ್ಷದ ಗಾಳಿಗಿಂತ ಮತದಾರರ ಜೊತೆಗಿನ ದೀರ್ಘ ಒಡನಾಟ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಅದೊಂದೇ ಉದಾಹರಣೆ ಸಾಕು. ನಿಮ್ಮ ಕ್ಷೇತ್ರದ ಅಭ್ಯರ್ಥಿಗಳು ಮನೆಗೆ ಬಂದಾಗ ಕಳೆದ ಆರು ವರ್ಷ ಪದವೀಧರರ ಯಾವ ವಿಷಯ ಹಿಡಿದು ಎಲ್ಲಿ ಓಡಾಡಿದಿರಿ ಎಂದು ಧೈರ್ಯವಾಗಿ ಕೇಳಿ.

ಮತದಾನದ ದಿನಕ್ಕೆ ಒಂದೆರಡು ಮಾತು. ವೇಳೆಯನ್ನು ಮೊದಲೇ ನೋಡಿಕೊಳ್ಳಿ, ಸಂಜೆ ಆರರವರೆಗೆ ಇರುತ್ತದೆ ಎಂದು ಕೂರಬೇಡಿ. 2024ರಲ್ಲಿ ಸಂಜೆ 4ಕ್ಕೇ ಮುಗಿದಿತ್ತು. ಸರ್ಕಾರಿ ನೌಕರರಾಗಿರುವ ಮತದಾರರಿಗೆ ವಿಶೇಷ ಸಾಂದರ್ಭಿಕ ರಜೆ ಕೊಡುವುದು ನಮ್ಮ ರಾಜ್ಯದಲ್ಲಿ ವಾಡಿಕೆ. ಖಾಸಗಿ ಸಂಸ್ಥೆಯವರಿಗೆ ಆ ಖಾತ್ರಿಯಿಲ್ಲ, ಸಂಬಳ ಸಹಿತ ರಜೆಯ ಕಲಮು ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಮಾತ್ರ ಅನ್ವಯಿಸುತ್ತದೆ. ಯಜಮಾನರು ಖಾಸಗಿ ನೌಕರಿಯಲ್ಲಿದ್ದರೆ ಮಾಲೀಕರ ಬಳಿ ಮುಂಚೆಯೇ ಕೇಳಿಕೊಂಡಿರಲಿ. ಮತಗಟ್ಟೆ ನೀವು ಪ್ರತಿ ಸಲ ಹೋಗುವ ಓಣಿಯ ಶಾಲೆ ಆಗಿರಲಾರದು. ಮತದಾರರು ಕಡಿಮೆ, ಬೂತುಗಳೂ ಕಡಿಮೆ. ಹೆಚ್ಚಾಗಿ ತಾಲ್ಲೂಕು ಕಚೇರಿಯಲ್ಲೋ ಕಾಲೇಜಿನಲ್ಲೋ ಇರುತ್ತದೆ. ಗುರುತಿಗೆ ಮತದಾರರ ಗುರುತಿನ ಚೀಟಿ ಸಾಕು, ಅದು ಸಿಗದಿದ್ದರೆ ವಿಶ್ವವಿದ್ಯಾಲಯ ಕೊಟ್ಟ ಪದವಿ ಪ್ರಮಾಣಪತ್ರದ ಮೂಲ ಪ್ರತಿಯನ್ನೇ ತೋರಿಸಿ ಮತ ಹಾಕಬಹುದು.